ಕಿವಿಗೆ ಹೊಂದದ ಇಯರ್‌ಫೋನು

“ಇದರಾಗನೂ ಜೀವ ಇಲ್ಲ ನೋಡ್ರಿ.”

ಪ್ರಮಿತಾ ಇಯರ್‌ಫೋನನ್ನು ಗಾಜಿನ ಕೌಂಟರಿನ ಮೇಲೆ ಇಟ್ಟಳು. ಇಟ್ಟ ರಭಸಕ್ಕೆ ಅದು ಜಾರಿ, ಸ್ಟೂಲಿನ ಮೇಲೆ ಕೂತಿದ್ದ ಖಂಡೆಪ್ಪನ ಮಡಿಲಿಗೆ ಬಿತ್ತು.

ಸೇಡಂ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನ ಅಂಗಡಿ. ಮೊನ್ನೆ ಮೊನ್ನೆಯವರೆಗೆ ಅಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದ. ಊರಲ್ಲಿ ಎಲ್ಲರ ಕೈಗೂ ಹಾಡು ನುಡಿಸುವ ಫೋನು ಬಂದದ್ದೇ ತಡ, ಮೋಟಾರು ಹಿಂದಕ್ಕೆ ಸರಿಸಿ ಮುಂದೆ ಗಾಜಿನ ಕೌಂಟರು ಹಾಕಿಸಿ, ತಾಯಿಯ ಹೆಸರಲ್ಲಿ ‘ಹಣಮಮ್ಮ ಮೊಬೈಲ್ಸ್’ ಎಂದು ಬೋರ್ಡು ಬರೆಸಿದ್ದ. ಮೋಟಾರಿನ ಬಗ್ಗೆ ಏನು ಕೇಳಿದರೂ ಹೇಳುತ್ತಿದ್ದ. ಇಯರ್‌ಫೋನಿನ ಬಗ್ಗೆ ಅವನಿಗೆ ಗೊತ್ತಿದ್ದದ್ದು ಒಂದೇ ಮಾತು.

“ಟೀಚರ್, ಇಯರ್‌ಫೋನಿನಾಗ ಜೀವ ಎಲ್ಲಿಂದ ತರ್ಲಿರಿ? ಇದರಾಗ ಬೇಸ್ ಭಾಳ ಅದ ನೋಡ್ರಿ.”

“ಪ್ರತಿ ಸಲ ಅದೇ ಹೇಳ್ತೀರಿ. ಎಲ್ಯದ ಬೇಸು? ತಗಡಿನ ಡಬ್ಬಿಯೊಳಗ ಸಾಸಿವಿ ಹಾಕಿ ಅಲ್ಲಾಡಿಸಿದಂಗ ಕೇಳಸ್ತದ.”

ಖಂಡೆಪ್ಪ ಅದನ್ನು ತನ್ನ ಕಿವಿಗೆ ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಅವನ ತಲೆ ತಾನಾಗಿ ತೂಗತೊಡಗಿತು.

“ಭರ್ಜರಿ ಅದ್ರಿ!” ಎಂದು ಕೂಗಿದ. ಕಿವಿ ಮುಚ್ಚಿದವರ ದನಿ ತಮಗೇ ತಿಳಿಯದೆ ಏರುತ್ತದೆ. ಓಣಿಯ ಆ ಕಡೆ ಬಳೆ ಅಂಗಡಿಯವರೂ ತಿರುಗಿ ನೋಡಿದರು.

ಪ್ರಮಿತಾಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇದು ಮೂರನೆಯ ಇಯರ್‌ಫೋನು.

ಅವಳು ಸೇಡಂನ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರು. ಮನೆ ಚಿತ್ತಾಪುರದಲ್ಲಿ. ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಓಡಾಟ. ಅದೇ ಡಬ್ಬಿಯಲ್ಲಿ ದಿನಾ ಬರುತ್ತಿದ್ದ ಲಾಲಮ್ಮ ಎಂಬ ಹೆಂಗಸಿಗೆ ಜಗತ್ತಿನಲ್ಲಿ ಉಳಿದಿದ್ದ ಕಾಳಜಿ ಒಂದೇ: “ಟೀಚರಮ್ಮ, ಲಗ್ನ ಯಾವಾಗ?” ಮೂವತ್ತು ಸಮೀಪಿಸಿದ ಹೆಣ್ಣು ಈ ಪ್ರಶ್ನೆಗೆ ಎಷ್ಟು ದಿನ ನಕ್ಕು ತಪ್ಪಿಸಿಕೊಳ್ಳಬಹುದು? ಕಿವಿಯೊಳಗೆ ಹೋಗಿ ಕೂರುವ ಇಯರ್‌ಫೋನು ಹಾಕಿದರೆ ಹೊರಗಿನ ಸದ್ದು ಕೇಳುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಹೇಳಿದ್ದರು.

ಇನ್ನೊಂದು ಆಸೆಯೂ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಅವಳ ಮನೆಯಲ್ಲಿ ಏಕಾದಶಿಗೊಮ್ಮೆ ಭಜನೆ. ಚಿಕ್ಕವಳಿದ್ದಾಗ ಪ್ರಮಿತಾ ತಬಲಾ ಕಲಿಯುತ್ತೇನೆಂದು ಹಟ ಹಿಡಿದಿದ್ದಳು. ಹೆಣ್ಣುಮಕ್ಕಳಿಗೆ ತಬಲಾ ಯಾಕೆಂದು ಅಪ್ಪ ಹಾರ್ಮೋನಿಯಂ ತಂದುಕೊಟ್ಟರು. ಹಾರ್ಮೋನಿಯಂ ಕಲಿತಳು. ಕಿವಿ ಮಾತ್ರ ತಬಲಾದ ಹತ್ತಿರವೇ ಉಳಿಯಿತು. ಫೋನಿನ ಮೆಮರಿ ಕಾರ್ಡಿನ ತುಂಬ ಅದನ್ನೇ ತುಂಬಿಸಿಕೊಂಡಿದ್ದಳು.

“ನಿಮಗ ಖರೇನೇ ಎಂಥದು ಬೇಕು ಹೇಳಿಬಿಡ್ರಿ,” ಖಂಡೆಪ್ಪ ಸೋತವನಂತೆ ಕೇಳಿದ.

“ತಬಲಾ ಬಾರಿಸಿದ್ರ ಬೆರಳು ಕಾಣಬೇಕು.”

ಅವನು ನಗಲಿಲ್ಲ. ಎದ್ದು ತಲೆಯ ಮೇಲೆ ಕಟಕಟ ಅನ್ನುತ್ತಿದ್ದ ಫ್ಯಾನು ಆರಿಸಿದ. ಅವಳ ಫೋನು ತೆಗೆದುಕೊಂಡು ಅದೇ ಇಯರ್‌ಫೋನು ಸಿಕ್ಕಿಸಿ ಕಣ್ಣು ಮುಚ್ಚಿದ. ಅವಳು ಕಾದಳು. ಸೆಕೆಗೆ ಅವನ ಹಣೆಯಲ್ಲಿ ಬೆವರು ಮೂಡಿತು. ರೆಪ್ಪೆ ಇಷ್ಟು ಉದ್ದ ಇರುವ ಗಂಡಸರೂ ಇರುತ್ತಾರಾ ಎಂದು ಅವಳಿಗನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಕಿರಿಕಿರಿಯಾಗಿ ಕೌಂಟರಿನೊಳಗಿನ ಚಾರ್ಜರುಗಳನ್ನು ನೋಡತೊಡಗಿದಳು.

“ಕಾಣಾಕತ್ಯಾವ್ರಿ,” ಅವನು ಕಣ್ಣು ತೆರೆಯದೆ ಮೆಲ್ಲಗೆ ಅಂದ. “ಬಲಗೈ ತೋರುಬೆರಳು ಅಂಚಿಗೆ ಬಡದು ಹೋಗಾಕತ್ಯದ. ನಾ ಇಷ್ಟು ದಿನ ಹಾಡಂದ್ರ ಜೋರು ಕೇಳೂದಂತ ತಿಳಕೊಂಡಿದ್ದೆ.”

“ನಿಮಗ ಕಾಣಸ್ತದ, ನನಗ ಕಾಣಂಗಿಲ್ಲ. ಇದು ಯಾವ ನ್ಯಾಯ?”

“ಒಂದು ಕೆಲಸ ಮಾಡೂಣ್ರಿ. ಒಂದು ನೀವು ಹಾಕ್ಕೋರಿ, ಒಂದು ನಾ ಹಾಕ್ಕೋತೀನಿ. ಕೂಡಿ ಕೇಳಿದ್ರ—”

“ಎಡಗೈ ಡಗ್ಗಾ ನಿಮ್ಮ ಕಿವ್ಯಾಗ, ಬಲಗೈ ತಬಲಾ ನನ್ನ ಕಿವ್ಯಾಗ! ಅರ್ಧರ್ಧ ಕೇಳಲಿಕ್ಕೆ ನಾ ಇಷ್ಟು ಸಲ ಬರಬೇಕಾ? ಬ್ಯಾರೆ ತೋರಸ್ರಿ.”

ಅವನು ಬೇರೆ ತೋರಿಸಿದ. ಅದೂ ಹೊಂದಲಿಲ್ಲ. ಮುಂದಿನ ವಾರ ಹೈದರಾಬಾದಿಗೆ ಹೋಗಿ ಅವಳಿಗಾಗಿಯೇ ಹೊಸವು ತಂದ. ಅವೂ ಡಬ್ಬಿಯ ಸಾಸಿವೆಯೇ. ಹೀಗೆ ದಸರೆ ರಜೆ ಕಳೆದು ದೀಪಾವಳಿ ಬಂತು. ಶಾಲೆ ಬಿಟ್ಟು ಗಾಡಿಗೆ ಇನ್ನೂ ಹೊತ್ತಿದ್ದರೆ ಅವಳ ಚಪ್ಪಲಿ ತಾನೇ ಆ ಓಣಿಗೆ ತಿರುಗುತ್ತಿತ್ತು. ಅವಳು ಬರುವುದು ಕಂಡರೆ ಅವನು ಮೊದಲು ಫ್ಯಾನು ಆರಿಸುತ್ತಿದ್ದ. ಅಂಗಡಿಗೆ ಬಂದ ಗಿರಾಕಿಗಳು ಸೆಕೆಯಲ್ಲಿ ಬೇಯುತ್ತ, “ಕರೆಂಟ್ ಹೋಯ್ತೇನಪಾ?” ಎಂದರೆ, “ಹೌದ್ರಿ, ಈಗ ಬರ್ತದ,” ಅನ್ನುತ್ತಿದ್ದ.

ಒಂದು ಸಂಜೆ ಗಾಡಿಯಲ್ಲಿ ಲಾಲಮ್ಮ ತನ್ನ ಹಳೆಯ ಪ್ರಶ್ನೆ ಕೇಳಲಿಲ್ಲ. ಬದಲಿಗೆ ನಕ್ಕಳು. “ಬಿಡ್ರಿ ಟೀಚರಮ್ಮ, ಮೊಬೈಲ್ ಅಂಗಡ್ಯಾಗ ನಿಮ್ಮದು ಭಾರಿ ವ್ಯಾಪಾರ ನಡದದಂತ.”

ಪ್ರಮಿತಾಗೆ ಕಪಾಳಕ್ಕೆ ಹೊಡೆದಂತಾಯಿತು. ಆ ಮಾತು ಅವಳಿಗಿಂತ ಮೊದಲೇ ಚಿತ್ತಾಪುರ ಸ್ಟೇಷನ್ನಿನಲ್ಲಿ ಇಳಿದು ಮನೆ ಸೇರಿತ್ತು. ಅಪ್ಪ ವಿಠ್ಠಲರಾಯರು ರಿಟೈರಾದ ಹೆಡ್‌ಮಾಸ್ಟರು. ಸಿಟ್ಟು ಬಂದಷ್ಟೂ ದನಿ ಇಳಿಸುವವರು.

“ಒಂದು ವಸ್ತು ಕೊಳ್ಳಲಿಕ್ಕೆ ಒಂದೇ ಅಂಗಡಿಗೆ ಎಷ್ಟು ಸಲ ಹೋಗ್ಬೇಕವಾ?”

“ಅದು ಬರೋಬರಿ ಇಲ್ಲಪ್ಪಾ. ಜೀವ ಇಲ್ಲ ಅದರಾಗ.”

“ಹಂಗಾದ್ರ ಬ್ಯಾರೆ ಅಂಗಡಿಗೆ ಹೋಗ್ಬೇಕಿತ್ತಲ್ಲ.”

ಹೌದಲ್ಲ, ಬೇರೆ ಅಂಗಡಿ! ಇಷ್ಟು ಸರಳ ಮಾತು ತನಗೆ ಯಾಕೆ ಹೊಳೆಯಲಿಲ್ಲ? ಇಡೀ ರಾತ್ರಿ ತನ್ನ ಮೇಲೇ ಸಿಡುಕುತ್ತ ಮಲಗಿದಳು.

ಭಾನುವಾರ ಸಿಟ್ಟಿನಿಂದಲೇ ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದಿಗೆ ಹೋದಳು. ಕಂಡ ಮೊದಲ ಅಂಗಡಿಯಲ್ಲಿ, ಏನೂ ಕೇಳದೆ, ಹಚ್ಚಿಯೂ ನೋಡದೆ ಒಂದು ಇಯರ್‌ಫೋನು ಕೊಂಡು ಬಂದಳು. ಮನೆಯಲ್ಲಿ ಹಾಕಿದಳು. ಅದೇ ಸಾಸಿವೆ.

ಡಬ್ಬಿಯನ್ನು ಗೋಡೆಗೆ ಎಸೆದಳು. ಡಬ್ಬಿಯಿಂದ ಸಣ್ಣದೊಂದು ಪ್ಲಾಸ್ಟಿಕ್ ಪೊಟ್ಟಣ ಹೊರಬಿತ್ತು. ಅದರೊಳಗೆ ಎರಡು ಜೊತೆ ರಬ್ಬರು: ಒಂದು ದೊಡ್ಡದು, ಒಂದು ಚಿಕ್ಕದು. ಇಯರ್‌ಫೋನಿನ ತುದಿಯಲ್ಲಿ ಮೊದಲೇ ಇದ್ದ ನಡುವಣ ಗಾತ್ರದ್ದನ್ನು ಕಿತ್ತು, ಚಿಕ್ಕದನ್ನು ಸಿಕ್ಕಿಸಿ, ಕಿವಿಗೆ ಒತ್ತಿದಳು.

ಒಳಗೆ ಅಮ್ಮ ಲೀಲಾಬಾಯಿ ಪಾತ್ರೆ ತೊಳೆಯುವ ಸದ್ದು ನಿಂತುಹೋಯಿತು. ಡಗ್ಗಾದ ಗುಮುಕು ತಲೆಯ ನಡುಮಧ್ಯದಲ್ಲಿ ಎದ್ದಿತು. ಅದರ ಮೇಲೆ ಬೆರಳುಗಳು. ಒಂದೊಂದೂ ಬೇರೆ ಬೇರೆ, ಒಂದೊಂದಕ್ಕೂ ತನ್ನದೇ ಭಾರ. ತೊಗಲಿನ ಮೇಲೆ ಅಂಗೈ ಸವರಿದ್ದೂ ಕೇಳಿತು.

ಹಾಸಿಗೆಯ ತುದಿಯಲ್ಲಿ ಕೂತಳು. ಕಣ್ಣು ತುಂಬಿತು. ಮರುಗಳಿಗೆ ಕಣ್ಣೀರು ಅಲ್ಲೇ ನಿಂತಿತು. ಖಂಡೆಪ್ಪ ಕೊಟ್ಟ ಯಾವ ಡಬ್ಬಿಯಲ್ಲೂ ಈ ಪೊಟ್ಟಣ ಇರಲಿಲ್ಲ.

ಸೋಮವಾರ ಸಂಜೆ ಅಂಗಡಿಯ ಮೆಟ್ಟಿಲು ಹತ್ತುತ್ತಲೇ ಕೇಳಿದಳು.

“ಸಣ್ಣ ರಬ್ಬರ್ ಎಲ್ಯಾವ?”

ಖಂಡೆಪ್ಪನ ಕೈ ಫ್ಯಾನಿನ ಸ್ವಿಚ್ಚಿನ ಮೇಲೇ ಉಳಿಯಿತು. ಆಮೇಲೆ ಕೆಳಗಿನ ಡ್ರಾ ಎಳೆದ. ಒಳಗೆ ಪೊಟ್ಟಣಗಳ ರಾಶಿ.

“ಹುಡುಗರ ಕಿವಿಗಂತ ತಿಳಕೊಂಡು ತೆಗೆದಿಟ್ಟಿದ್ದೆ. ಯಾರೂ ಕೇಳತಿರಲಿಲ್ಲ.”

“ಅಂದ್ರ ನಿಮಗ ಗೊತ್ತಿರಲಿಲ್ಲ.” ಅವಳ ಸಿಟ್ಟು ಅರ್ಧ ಇಳಿಯಿತು.

ಅವನು ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅವಳೂ ಅದನ್ನೇ ಬಯಸಿದ್ದಳು. ಅವನು ಮುಖ ಎತ್ತಲಿಲ್ಲ.

“ಮೊದಲ ಗೊತ್ತಿರಲಿಲ್ರಿ. ದಸರಾ ಕಾಲಕ್ಕ ಅವ್ವನ ಕಿವಿಗೆ ಹಚ್ಚಿ ನೋಡಿದೆ. ಸಡಲ ಆಗ್ತದ ಅಂದ್ಳು. ಸಣ್ಣದು ಹಾಕಿದೆ. ‘ಎದಿಯೊಳಗ ಬಾರಿಸಿದಂಗ ಆತು’ ಅಂದ್ಳು. ನಿಮ್ಮ ಕಿವೀನೂ ಸಣ್ಣವ ಅಂತ ಅವಾಗ ತಿಳೀತು.”

“ದಸರಾದಾಗ!”

“ಹೌದ್ರಿ.”

“ಮತ್ತ ಹೇಳಲಿಲ್ಲ ಯಾಕ?”

“ಹೇಳಿದ್ರ ಬರೋಬರಿ ಕೇಳಸ್ತಿತ್ತು. ಕೇಳಿಸಿದ ಮ್ಯಾಲ ನೀವು ಯಾಕ ಬರ್ತಿದ್ರಿ?”

ಓಣಿಯಲ್ಲಿ ಎತ್ತಿನ ಬಂಡಿಯೊಂದು ಹಾಯ್ದುಹೋಯಿತು.

“ನೀವು ಇಲ್ಲೇ ಫ್ಯಾನ್ ಆರಿಸಿ ಕುಂತಿದ್ರಿ,” ಪ್ರಮಿತಾ ನಿಧಾನವಾಗಿ ಅಂದಳು. ಅವಳ ದನಿ ಅಪ್ಪನ ದನಿಯಂತೆಯೇ ಇಳಿದಿತ್ತು. “ಅಲ್ಲಿ ಗಾಡ್ಯಾಗ ಮಂದಿ ನನ್ನ ಮಾರಿ ನೋಡಿ ನಗತಿದ್ರು. ನಮ್ಮಪ್ಪ ಮೂರು ದಿನದಿಂದ ನನ್ನ ಜೋಡಿ ಮಾತಾಡಿಲ್ಲ. ನಿಮಗದು ಹೊಳೀಲೇ ಇಲ್ಲಲ್ಲ.”

ಅವನ ಮುಖ ಬಣ್ಣ ಕಳೆದುಕೊಂಡಿತು. “ಟೀಚರ್—”

ಅವಳು ಇಳಿದು ಹೋಗಿದ್ದಳು.

ಆ ವಾರವೆಲ್ಲ ಗಾಡಿಯಲ್ಲಿ ಇಯರ್‌ಫೋನು ಹಾಕಿಕೊಂಡೇ ಕೂತಳು. ಲಾಲಮ್ಮನ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಮಳಖೇಡ ದಾಟುವಾಗ ಹೊಸದೊಂದು ತಾಳದಲ್ಲಿ ಬಾರಿಸುವವನು ಬೇಕೆಂದೇ ಒಂದು ಪೆಟ್ಟು ಬಿಟ್ಟು, ಆ ಖಾಲಿ ಜಾಗವನ್ನೂ ನುಡಿಸಿದ. ಪ್ರಮಿತಾ ಗಕ್ಕನೆ ತಲೆ ಎತ್ತಿದಳು. ಕೇಳಿದಿರಾ ಎಂದು ಯಾರಿಗಾದರೂ ಹೇಳಬೇಕು! ಡಬ್ಬಿಯ ತುಂಬ ಜನ. ಇದನ್ನು ಹೇಳಬಹುದಾದ ಮನುಷ್ಯ ಒಬ್ಬನೇ, ಅವನ ಮೇಲೆ ಇವಳಿಗೆ ಹೇಳತೀರದ ಸಿಟ್ಟು. ಥೂ, ಇದೆಂಥ ಪೀಕಲಾಟ ಎಂದು ಕಿಟಕಿಯ ಕಡೆ ತಿರುಗಿದಳು.

ಮುಂದಿನ ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಅವನ ದನಿ ಕೇಳಿತು. ಪ್ರಮಿತಾ ಒಳಗೆ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಕೈಯಲ್ಲಿದ್ದ ಮೊರ ವಾಲಿ ಬೇಳೆಯೆಲ್ಲ ನೆಲಕ್ಕೆ ಚೆಲ್ಲಿತು.

“ಸರ್, ನಾ ಸೇಡಂದಾಗ ಮೊಬೈಲ್ ಅಂಗಡಿ ಇಟ್ಟೀನ್ರಿ. ಖಂಡೆಪ್ಪ ಅಂತ.”

ವಿಠ್ಠಲರಾಯರು ಪೇಪರು ಮಡಚಿದರು. ಕೂಡು ಅನ್ನಲಿಲ್ಲ.

“ತಪ್ಪು ನನ್ನದದ್ರಿ. ಟೀಚರ್ ಇಯರ್‌ಫೋನಿಗಂತ ಬಂದ್ರು. ಸಣ್ಣ ರಬ್ಬರ್ ಹಾಕಿ ಕೊಟ್ಟಿದ್ರ ಮುಗೀತಿತ್ತು. ನಾ ಬೇಕಂತಲೇ ಕೊಡಲಿಲ್ಲ. ಅದಕ್ಕ ಅವರು ಮತ್ತ ಮತ್ತ ಬರಬೇಕಾತು. ಮಂದಿ ಏನೇನೋ ಅಂದ್ರು. ಗಾಡ್ಯಾಗ ಯಾರು ಅಂದ್ರಂತ ಕೇಳಿ, ಲಾಲಮ್ಮಗೂ ಹಿಂಗೇ ಹೇಳಿ ಬಂದೀನ್ರಿ, ಎಲ್ಲರ ಮುಂದ.”

ಒಳಗೆ ಪ್ರಮಿತಾ ಹಣೆ ಚಚ್ಚಿಕೊಂಡಳು. ಎಲ್ಲರ ಮುಂದೆ!

“ಬೇಕಂತಲೇ ಯಾಕ ಕೊಡಲಿಲ್ಲ?” ರಾಯರು ಕೇಳಿದರು.

“ನನ್ನ ಮನಸ್ಸು ಹಂಗಿತ್ರಿ.” ಅವನು ನೆಲ ನೋಡುತ್ತ ಅಂದ. “ಆದ್ರ ಟೀಚರದು ಏನೂ ಇಲ್ರಿ. ಅವರಿಗೆ ನನ್ನ ಮ್ಯಾಲ ಯಾವ ಮನಸ್ಸೂ ಇಲ್ಲ. ಇದ್ದಿಲ್ಲ, ಮುಂದೂ ಇರಂಗಿಲ್ಲ. ಅದನ್ನ ನಾ ಆಣಿ ಮಾಡಿ—”

“ಅದನ್ನ ಹೇಳಲಿಕ್ಕೆ ನೀವ್ಯಾರು?”

ಪ್ರಮಿತಾ ನಡುಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಸೀರೆಯ ನೆರಿಗೆಗೆಲ್ಲ ಬೇಳೆಯ ಹೊಟ್ಟು. ಮುಖ ಕೆಂಪಾಗಿತ್ತು.

“ನನ್ನ ಮನಸ್ಸಿನಾಗ ಏನದ, ಏನಿಲ್ಲ ಅಂತ ನೀವು ಹ್ಯಾಂಗ ಆಣಿ ಮಾಡ್ತೀರಿ? ನನ್ನ ಒಂದು ಮಾತು ಕೇಳೀರಾ? ರಬ್ಬರ್ ವಿಷಯಾನೂ ನೀವೇ ಠರಾಯಿಸಿದ್ರಿ, ಈಗ ಇದನ್ನೂ ನೀವೇ ಠರಾಯಿಸ್ತೀರಿ!”

“ಟೀಚರ್, ನಿಮ್ಮ ಹೆಸರು ಉಳೀಲಿ ಅಂತ—”

“ನನ್ನ ಹೆಸರು ನಾ ನೋಡ್ಕೋತೀನಿ. ಕಲಬುರಗಿಗೆ ಹೋದ್ರ ಸಾಲು ಸಾಲು ಅಂಗಡಿ ಅವ. ಶಾಲಿ ಎದುರಿಗೇ ಒಂದದ. ಅಲ್ಲೆಲ್ಲ ಬಿಟ್ಟು ಆ ಸುಡುಗಾಡು ಸೆಕಿಯೊಳಗ ನಾ ಯಾಕ ಬಂದು ಕೂಡ್ತಿದ್ದೆ? ಅಷ್ಟೂ ತಿಳಿಯಂಗಿಲ್ಲೇನು ನಿಮಗ?”

ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಅವಳಿಗೇ ಕೇಳಿಸಿತು. ಖಂಡೆಪ್ಪ ಬಾಯಿ ತೆರೆದವನು ಮುಚ್ಚುವುದನ್ನು ಮರೆತ.

ರಾಯರು ಮಗಳನ್ನು ನೋಡಿದರು, ಅವನನ್ನು ನೋಡಿದರು. “ಒಂದು ತಿಳೀವಲ್ದು ನನಗ. ನೀ ಇವರ ಮ್ಯಾಲ ಸಿಟ್ಟಾಗೀಯೋ, ಇಲ್ಲಾ—”

“ಎರಡೂ, ಅಪ್ಪಾ.”

ರಾಯರು ಮಡಚಿದ ಪೇಪರನ್ನು ಪಕ್ಕಕ್ಕಿಟ್ಟರು. ಆಮೇಲೆ, “ಕೂಡ್ರಿ,” ಅಂದರು. ಅದು ಒಪ್ಪಿಗೆಯೇನೂ ಆಗಿರಲಿಲ್ಲ. ಒಪ್ಪಿಗೆಗೆ ಆಮೇಲೆ ಒಂದು ಬೇಸಿಗೆ, ಒಂದು ಮಳೆಗಾಲ, ಲೆಕ್ಕವಿಲ್ಲದಷ್ಟು ವಾದ ಬೇಕಾದವು. ಆದರೆ ಆ ಬೆಳಿಗ್ಗೆ ಲೀಲಾಬಾಯಿ ಚಹಾ ತಂದರು. ಬೇರೆ ಜಾತಿಯವರು ಬಂದರೆ ಆ ಮನೆಯಲ್ಲಿ ಗಾಜಿನ ಕಪ್ಪು ಬೇರೆಯೇ ಇರುತ್ತಿತ್ತು. ಲೀಲಾಬಾಯಿ ಆ ಕಪ್ಪಿಗೆ ಕೈ ಹಾಕಿರಲಿಲ್ಲ. ಗಂಡನಿಗೆ ಕೊಟ್ಟಂಥದೇ ಸ್ಟೀಲಿನ ಲೋಟ ಅವನ ಕೈಗಿಟ್ಟು, ಯಾರ ಮುಖವನ್ನೂ ನೋಡದೆ ಒಳಗೆ ಹೋದರು. ರಾಯರು ಅದನ್ನು ನೋಡಿ, ತಮ್ಮ ಲೋಟ ಎತ್ತಿಕೊಂಡರು. ಏನೂ ತಿಳಿಯದ ಖಂಡೆಪ್ಪ ಊದಿ ಊದಿ ಕುಡಿದ.

ಗೇಟಿನವರೆಗೆ ಬಿಡಲು ಪ್ರಮಿತಾ ಹೋದಳು.

“ಸಿಟ್ಟು ಇನ್ನೂ ಅದೇನ್ರಿ?”

“ಅದ. ಭಾಳ ಅದ.”

“ನಾಳೆ ಬರ್ತೀರೇನ್ರಿ?”

“ಮೊದಲು ಆ ‘ರಿ’ ಬಿಡ್ರಿ. ಮಾತಿಗೊಂದು ರಿ ಹಚ್ಚತೀರಿ. ನನ್ನ ಹೆಸರು ಪ್ರಮಿತಾ.”

ಖಂಡೆಪ್ಪ ಗೇಟು ಹಿಡಿದುಕೊಂಡು ನಿಂತ. ಗಂಟಲು ಸರಿಮಾಡಿಕೊಂಡ. ಕಿವಿಯವರೆಗೂ ಕೆಂಪಾದ.

“ಆತು, ಪ್ರಮಿತಾ...” ಅಂದ. ಅಲ್ಲಿಗೆ ನಿಲ್ಲಿಸಲು ಬಹಳ ಪ್ರಯತ್ನಪಟ್ಟ. ಆಗಲಿಲ್ಲ.

“...ರಿ.”

“ಅಯ್ಯೋ ದೇವರೇ!” ಎಂದು ಪ್ರಮಿತಾ ಹಣೆಗೆ ಕೈ ಹಚ್ಚಿ ಗೇಟಿಗೆ ಒರಗಿದಳು, ನಗು ತಡೆಯಲಾಗದೆ.