ಹನ್ನೊಂದು ಮಧ್ಯಾಹ್ನಗಳ ವರ್ಷ

ಹಣೆಗೆ ಕಟ್ಟಿದ ಪಟ್ಟಿ ಸಣ್ಣಗೆ ಮಿಡಿಯುತ್ತಿತ್ತು. ಇಂಪನಾ ಬಡಿಗೇರ ಕಣ್ಣು ಮುಚ್ಚಿ ಕುರ್ಚಿಗೆ ಒರಗಿದ್ದಳು. ಬೆರಳುಗಳು ಮಾತ್ರ ಮೇಜಿನ ಮೇಲೆ ಆಡುತ್ತಿದ್ದವು, ಅವಳು ಎಂದೂ ಮಾಡದಿದ್ದ ಕೆಲಸವೊಂದನ್ನು ನೆನಪಿಸಿಕೊಳ್ಳುವ ಹಾಗೆ. ಮಲಕನೂರು ನಗರದ ನಲವತ್ತೆರಡು ವಾರ್ಡುಗಳಿಗೆ ಸರದಿಯಂತೆ ನೀರು ಬಿಡುವ ಪ್ರೋಗ್ರಾಮನ್ನು ತಿದ್ದುವುದು ಹೇಗೆ, ಅದರಲ್ಲಿ ತಪ್ಪು ಎಲ್ಲಿ ಅಡಗಿರುತ್ತದೆ, ಯಾವ ಸಾಲು ಕಂಡರೆ ಕೈ ತಡೆಯಬೇಕು, ಎಲ್ಲವೂ ನಾದುವ ಹಿಟ್ಟಿಗೆ ನೀರು ಇಳಿಯುವಂತೆ ಮೆಲ್ಲಗೆ ಒಳಗೆ ಇಳಿಯುತ್ತಿತ್ತು. ಮೂರು ಗಂಟೆಗೆ ಪಟ್ಟಿ ತಾನಾಗಿ ನಿಂತಿತು. ಹನ್ನೊಂದನೆಯ ಮಧ್ಯಾಹ್ನ ಮುಗಿಯಿತು. ಅದರೊಂದಿಗೆ ಇಂಪನಾಳ ಒಂದು ವರ್ಷದ ಕೆಲಸದ ಅನುಭವವೂ ಪೂರ್ತಿಯಾಯಿತು.

ಪಟ್ಟಿಯನ್ನು ಕಂಡುಹಿಡಿದವರು ಇಂಪನಾ ಓದುತ್ತಿದ್ದ ಕಾಲೇಜಿನ ಡಾಕ್ಟರ್ ವತ್ಸಲಾ ಕೊಪ್ಪದ. ನುರಿತವರೊಬ್ಬರು ಕೆಲಸ ಮಾಡುವಾಗ ಮಿದುಳಿನ ಯಾವ ಭಾಗ ಯಾವುದರ ನಂತರ ಎಚ್ಚರಗೊಳ್ಳುತ್ತದೆ ಎಂಬುದನ್ನು ಅದು ಗುರುತಿಸಿಟ್ಟುಕೊಳ್ಳುತ್ತದೆ. ಬಳಿಕ ಕಲಿಯುವವರ ಹಣೆಗೆ ಕಟ್ಟಿದರೆ, ದುರ್ಬಲವಾದ ಕಾಂತೀಯ ಮಿಡಿತಗಳಿಂದ ಅದೇ ಕ್ರಮವನ್ನು ಅವರ ಮಿದುಳಿನಲ್ಲೂ ಎಬ್ಬಿಸುತ್ತದೆ. ಕೆಲಸದ ನಡುವೆ ಆಡಿದ ಮಾತು, ಕಂಡ ಮುಖ ಮಾತ್ರ ಬರುವುದಿಲ್ಲ. ಅವು ಖಾಸಗಿ, ಅಳಿಸಿಹಾಕಲೇಬೇಕು ಎಂದು ಕಾನೂನಿತ್ತು.

ಕಂಪ್ಯೂಟರ್ ವಿಜ್ಞಾನದ ಪದವಿಯ ನಡುವೆ, ಬೇಕೆಂದವರು ಒಂದು ವರ್ಷ ಕಚೇರಿಯೊಂದರಲ್ಲಿ ನಿಜವಾಗಿ ಕೆಲಸ ಮಾಡಿ ಬರಬಹುದಿತ್ತು. ಅದಕ್ಕೆ ಕೆಲಸದ ವರ್ಷ ಎಂದು ಹೆಸರು. ಬೇಡವೆಂದರೆ ಬಿಡಬಹುದು, ಪದವಿಗೇನೂ ಅಡ್ಡಿಯಿಲ್ಲ. ಆದರೆ ಒಳ್ಳೆಯ ನೌಕರಿಗಳೆಲ್ಲ ಆ ವರ್ಷವನ್ನು ಕೇಳುತ್ತಿದ್ದವು. ಇಪ್ಪತ್ತಾರರ ಇಂಪನಾಳಿಗೆ ಮೂರು ವರ್ಷದ ಮಗಳು ಚಿಗುರಿ ಇದ್ದಳು. ಗಂಡ ಗಾಳಿಯಂತ್ರಗಳ ರಿಪೇರಿಗೆಂದು ತಿಂಗಳಲ್ಲಿ ಇಪ್ಪತ್ತು ದಿನ ಊರೂರು ತಿರುಗುವವನು. ಬೆಳಗಿನಿಂದ ಸಂಜೆಯವರೆಗೆ ಒಂದು ವರ್ಷ ಕಚೇರಿಯಲ್ಲಿ ಕೂರುವುದು ಅವಳಿಂದ ಆಗದ ಮಾತಾಗಿತ್ತು. ಪಟ್ಟಿ ಅದನ್ನು ಹನ್ನೊಂದು ಮಧ್ಯಾಹ್ನಗಳಿಗೆ ಇಳಿಸಿತ್ತು. ಜೂನ್‌ನಲ್ಲಿ ನಗರದ ನೀರು ವಿಭಾಗದಲ್ಲೇ ನೌಕರಿ. ಆದೇಶದ ಪತ್ರ ಕೈಗೆ ಬಂದಿತ್ತು. ಅಲ್ಲಿನ ಕೂಸಿನ ಮನೆಯಲ್ಲಿ ಚಿಗುರಿಗೆ ಜಾಗವೂ ಸಿಕ್ಕಿತ್ತು.

ಆ ಸಂಜೆ ಅಡುಗೆಮನೆಯ ಮೂಲೆಯಲ್ಲಿ ಕುಳಿತು ಅವಳು ಕೊನೆಯ ಅಭ್ಯಾಸವನ್ನು ಮುಗಿಸುತ್ತಿದ್ದಳು. ನಗರದ ನೀರಿನ ಜಾಲದ ನಕಲೊಂದು ಪರದೆಯ ಮೇಲಿತ್ತು. ತಿದ್ದಿದ್ದಾಯಿತು. ಜಾರಿಗೆ ಬಿಡುವ ಮುನ್ನ ಅವಳ ಬಲಗೈ ತಾನಾಗಿ ಮೇಲೆದ್ದು ಕಿವಿಯ ಪಕ್ಕ ನಿಂತಿತು. ಕತ್ತು ಸ್ವಲ್ಪ ವಾಲಿತು. ಒಂದು ನಿಮಿಷದ ಬಳಿಕ ಎದೆ ಹಗುರಾಗಿ, ಎಲ್ಲ ಸರಿಯಿದೆ ಎನ್ನಿಸಿತು. ಈ ಅನುಭವವನ್ನು ಕೊಟ್ಟ, ನೀರು ವಿಭಾಗದಲ್ಲಿ ನೌಕರಿ ಮಾಡಿದ್ದ ಕಸ್ತೂರಿ ಹೂಗಾರರ ಪಟ್ಟಿ ಕಟ್ಟಿಕೊಂಡವರೆಲ್ಲ ಹೀಗೆ ಮಾಡುತ್ತಿದ್ದರು. ಕ್ಯಾಂಟೀನಿನಲ್ಲಿ ಅದಕ್ಕೆ 'ಹೂಗಾರಮ್ಮನ ಸಲಾಮು' ಎಂದು ನಗುತ್ತಿದ್ದರು.

ರೊಟ್ಟಿ ಬಡಿಯುತ್ತಿದ್ದ ಅತ್ತೆ ನೀಲಗಂಗವ್ವ ಕೈ ನಿಲ್ಲಿಸಿ ನೋಡಿದಳು.

"ಯಾರಿಗವಾ ಫೋನ್ ಹಚ್ಚಾಕತ್ತಿ? ಕೈಯಾಗ ನೋಡಿದ್ರ ಏನೂ ಇಲ್ಲ!"

"ಫೋನಾ? ಇದು ಒಂದ್ ಚಾಳಿ ಅತ್ತಿ. ಪಟ್ಟ್ಯಾಗಿಂದ ಬಂದೈತಿ."

"ಚಾಳಿ ಅಂತ ಚಾಳಿ. ನಾವೆಲ್ಲಾ ಹಿಂಗ ಕಿವಿಗೆ ಹಿಡ್ಕೊಂಡ ಮಾತಾಡ್ತಿದ್ವಿ. ನಿಮಗ ಕಿವಿ ಓಲ್ಯಾಗ ಫೋನ್ ಬಂದಾವು, ಕೈ ಎತ್ತೂದ ಮರ್ತೀರಿ." ನೀಲಗಂಗವ್ವ ರೊಟ್ಟಿ ಹೊರಳಿಸಿದಳು. "ಆ ಪಟ್ಟಿ ಕೊಟ್ಟಾಕಿ ಯಾರನ್ನೋ ಏನೋ ಕೇಳ್ಯಾಳ ತಗೋ. ಅವರು ಹೇಳೂತನಕ ಸುಮ್ಮನ ನಿಂತಾಳ."

ಇಂಪನಾ ಪರದೆಯನ್ನು ನೋಡಿದಳು. ಎದೆಯೊಳಗಿನ ನೆಮ್ಮದಿ ಹಾಗೇ ಇತ್ತು. ಆದರೆ ತಾನು ಯಾರನ್ನೂ ಏನನ್ನೂ ಕೇಳಿರಲಿಲ್ಲ.

ಭಾನುವಾರ ಅವಳು ಚಿಗುರಿಯನ್ನು ಕಂಕುಳಲ್ಲಿ ಎತ್ತಿಕೊಂಡು ಕಸ್ತೂರಿ ಹೂಗಾರರ ಮನೆ ಹುಡುಕಿಕೊಂಡು ಹೋದಳು. ನಿವೃತ್ತಿಯಾಗಿ ಐದು ವರ್ಷವಾಗಿದ್ದ ಅವರು ಜಗಲಿಯ ಮೇಲೆ ಕುಳಿತು ಕನಕಾಂಬರ ಕಟ್ಟುತ್ತಿದ್ದರು.

"ಅಂದ್ರ ನಂದೊಂದು ವರ್ಷ ನಿನ್ನ ತಲ್ಯಾಗ ಐತಿ ಅನ್ನು," ಎಂದು ಅವರು ಕಣ್ಣು ಕಿರಿದು ಮಾಡಿ ನಕ್ಕರು. "ಮ್ಯಾಲಿನ ಸಾಹೇಬಗ ಮನಸಿನ್ಯಾಗ ಬೈತಿದ್ದೆ, ಅದೂ ಬಂತೇನು?"

"ಅದು ಬಂದಿಲ್ರಿ. ಆದರ ಕೈ ಕಿವಿಗಿ ಹೋಗ್ತೈತ್ರಿ, ಪ್ರೋಗ್ರಾಮ್ ಬಿಡೂಕ್ಕಿಂತ ಮೊದಲ. ಯಾರಿಗೆ ಮಾತಾಡ್ತಿದ್ರಿ?"

ಕಸ್ತೂರಿಯವರ ಕೈ ನಿಂತಿತು. "ಹುಸೇನಸಾಬಗ. ವಾಲ್ವ್ ತಿರುಗಸಾಂವ. ಅವನ್ನ ಕೇಳ್ದನ ನಾ ಯಾವತ್ತೂ ಬಿಟ್ಟಾಕಿ ಅಲ್ಲ. ನಕಾಶೆದಾಗ ಪೈಪ್ ಇರ್ತಾವು, ಮಂದಿ ಇರಂಗಿಲ್ಲ. ಯಾವ ಚಕ್ರ ಜಾಮ್ ಆಗೇತಿ, ಯಾವ ಮನ್ಯಾಗ ಲಗ್ನ ಐತಿ, ಎಲ್ಲಾ ಅವಗ ಗೊತ್ತು. ಯಾರರ ತೀರಿಕೊಂಡ್ರ ಆ ಓಣಿಗೆ ಸರದಿ ಇರಲಿಲ್ಲಂದ್ರೂ ನೀರು ಬಿಡ್ತಿದ್ವಿ. ಮಣ್ಣು ಮಾಡಿ ಬಂದವರು ಜಳಕಾ ಮಾಡಬೇಕಲ್ಲವಾ? ಅಂತಾದ್ದನ್ನ ಯಾರೂ ಬರದಿಲ್ಲ. ಫೋನಿನ್ಯಾಗ ಹೇಳ್ತಿದ್ದ, ನಾ ಸರದಿ ತಿದ್ದತಿದ್ದೆ."

ಬರುವಾಗ ಚಿಗುರಿಯ ಕೂದಲಿಗೆ ಒಂದು ತುಂಡು ಕನಕಾಂಬರ ಮುಡಿಸಿ ಕಳಿಸಿದರು. ಬಸ್ಸಿನಲ್ಲಿ ಮಗು ತೊಡೆಯ ಮೇಲೆ ನಿದ್ದೆ ಹೋಯಿತು. ಇಂಪನಾಳಿಗೆ ಈಗ ಎಲ್ಲವೂ ಸ್ಪಷ್ಟವಾಗಿತ್ತು. ಮಾತನ್ನು ಕಾನೂನು ಅಳಿಸಿತ್ತು. ಮಾತು ಮುಗಿದ ಮೇಲಿನ ನೆಮ್ಮದಿ ಉಳಿದುಕೊಂಡಿತ್ತು. ಕಸ್ತೂರಿಯವರು ಕೇಳಿ ತಿಳಿದು ಪಡೆದ ನೆಮ್ಮದಿ ಈಗ ಕೇಳದೆಯೇ ಎಲ್ಲರಿಗೂ ಸಿಗುತ್ತಿತ್ತು. ಹೇಳಿದರೆ ಪಟ್ಟಿಯ ವರ್ಷ ರದ್ದಾಗುತ್ತದೆ, ಜೂನ್‌ನ ನೌಕರಿ ಹೋಗುತ್ತದೆ, ಚಿಗುರಿಯ ಜಾಗವೂ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಮಗುವಿನ ಬೆವೆತ ಹಣೆ ಒರೆಸುತ್ತ ಅವಳು ಇಳಿಯುವ ನಿಲ್ದಾಣವನ್ನು ದಾಟಿ ಎರಡು ನಿಲ್ದಾಣ ಮುಂದೆ ಹೋಗಿದ್ದಳು.

ಸೋಮವಾರ ಅವಳು ವತ್ಸಲಾ ಅವರ ಕೋಣೆಯ ಬಾಗಿಲು ತಟ್ಟಿದಳು. ಮೂವತ್ತೆಂಟರ ವತ್ಸಲಾ ಪೂರ್ತಿ ಕೇಳಿಸಿಕೊಂಡರು. ಒಮ್ಮೆ ತಾವೂ ಕೈಯನ್ನು ಕಿವಿಗೆ ಹಿಡಿದು ನೋಡಿಕೊಂಡರು.

"ನಾ ಕಸ್ತೂರಿಯವರಿಗೆ ಕತ್ತು ಹಿಡ್ಕೊಂಡಿತ್ತೇನೋ ಅನ್ಕೊಂಡಿದ್ದೆ," ಎಂದರು. "ಆದರ ಇದು ನಿಮ್ಮ ಊಹೆ. ನೋಡಬೇಕು."

ಅವರು ನೋಡಿದ ರೀತಿ ಸರಳವಾಗಿತ್ತು. ನಕಲು ಜಾಲದಲ್ಲಿ ಹದಿನೇಳನೆಯ ವಾರ್ಡಿನ ವಾಲ್ವ್ ಕೆಟ್ಟಿರುವಂತೆ ಮಾಡಿಟ್ಟರು. ಪರದೆಯ ಮೇಲೆ ಅದರ ಸುಳಿವಿರಲಿಲ್ಲ. ಬಾಗಿಲ ಬಳಿ ಕುಳಿತಿದ್ದ ಸಹಾಯಕಿಗೆ ಮಾತ್ರ ಗೊತ್ತಿತ್ತು, ಕೇಳಿದರೆ ಹೇಳುತ್ತಿದ್ದಳು. ಏನು ಬೇಕಾದರೂ ಅವಳನ್ನು ಕೇಳಬಹುದು ಎಂದು ಎಲ್ಲರಿಗೂ ಮೊದಲೇ ತಿಳಿಸಲಾಗಿತ್ತು. ಪಟ್ಟಿ ಕಟ್ಟಿಕೊಳ್ಳದ ಇಪ್ಪತ್ತು ಮಂದಿಯಲ್ಲಿ ಒಂಬತ್ತು ಜನ ಕೇಳಿದರು. ಕಟ್ಟಿಕೊಂಡ ಇಪ್ಪತ್ತು ಮಂದಿಯಲ್ಲಿ ಒಬ್ಬರೂ ಕೇಳಲಿಲ್ಲ. ಎಲ್ಲರೂ ಕೈಯೆತ್ತಿ ಒಂದು ನಿಮಿಷ ನಿಂತು, ಸಮಾಧಾನದಿಂದ ನೀರು ಬಿಟ್ಟರು.

ವತ್ಸಲಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೂರು ವರ್ಷದಾಗ ಈ ಪಟ್ಟಿ ಇನ್ನೂರ ನಲವತ್ತು ಮಂದಿಗೆ ಕೊಟ್ಟೀನಿ. ಬ್ಯಾರೆಯವರ ಪಟ್ಟ್ಯಾಗ ಏನೇನೈತೋ."

"ಆ ನೆಮ್ಮದಿ ಒಂದನ್ನ ತಗದ್ರ ಆಗಂಗಿಲ್ಲೇನ್ರಿ ಮೇಡಂ?"

"ಹಾಕೂದು ಗೊತ್ತೈತಿ. ತಗಿಯೂದು ನನಗಿನ್ನೂ ಬಂದಿಲ್ಲ." ಅವರು ಇಂಪನಾಳ ಮುಖ ನೋಡಿದರು. "ನಾ ಇದನ್ನ ಬರದ್ರ ನಿಮ್ಮ ನೌಕರಿ ಹೋಗ್ತೈತಿ. ಗೊತ್ತೈತಿಲ್ಲೋ?"

"ಗೊತ್ತೈತ್ರಿ. ಬರೀರಿ."

ಮರುವಾರ ಆ ಇನ್ನೂರ ನಲವತ್ತು ಮಂದಿಗೂ ಕಾಲೇಜಿನಿಂದ ಪತ್ರ ಹೋಯಿತು. ದೋಷವೇನು, ಅದು ಎಲ್ಲಿಂದ ಬಂತು, ಪರೀಕ್ಷೆಯಲ್ಲಿ ಏನಾಯಿತು ಎಂಬುದನ್ನು ವತ್ಸಲಾ ಮರೆಮಾಚದೆ ಬರೆದಿದ್ದರು. ಪಟ್ಟಿಯ ವರ್ಷ ಇನ್ನು ಲೆಕ್ಕಕ್ಕಿಲ್ಲ, ಪದವಿ ಮಾತ್ರ ಎಲ್ಲರಿಗೂ ಉಳಿಯುತ್ತದೆ. ಆಗಲೇ ನೌಕರಿಯಲ್ಲಿದ್ದವರನ್ನು ತೆಗೆಯಲು ಕಾಲೇಜಿಗೆ ಅಧಿಕಾರವಿಲ್ಲ. ಆದರೆ ಬಯಸಿದವರಿಗೆ ನಿಜವಾದ ಕೆಲಸದ ವರ್ಷಕ್ಕೆ ವ್ಯವಸ್ಥೆ ಮಾಡಲಾಗುವುದು. ಬಯಸಬೇಕೆಂದು ತಮ್ಮ ಕಳಕಳಿಯ ವಿನಂತಿ.

ಹತ್ತು ದಿನಗಳಲ್ಲಿ ಉತ್ತರಗಳು ಬಂದವು. ವತ್ಸಲಾ ಅವನ್ನು ಇಂಪನಾಳಿಗೆ ತೋರಿಸಿದರು. ಯಾರೂ ಸಿಟ್ಟು ಮಾಡಿರಲಿಲ್ಲ. ಬಹುತೇಕ ಎಲ್ಲವೂ ಸೌಜನ್ಯದ ಕಾಗದಗಳೇ. ವಿಷಯ ಗಂಭೀರವಾಗಿದೆ, ಉಳಿದವರು ಖಂಡಿತ ಗಮನಿಸಬೇಕು, ಆದರೆ ನನ್ನ ವಿಷಯದಲ್ಲಿ ಹಾಗಾಗಿಲ್ಲ, ನಾನು ಪರಿಶೀಲಿಸಿಕೊಂಡಿದ್ದೇನೆ ಎಂದು ಒಬ್ಬರು. ನನಗೆ ಕೈಯೆತ್ತುವ ಅಭ್ಯಾಸವಿದೆ, ಆ ದೋಷವಿಲ್ಲ ಎಂದು ಇನ್ನೊಬ್ಬರು. ಇನ್ನೂರ ಮೂವತ್ತೊಂದು ಮಂದಿ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ, ಇದೇ ಶಾಂತಿಯಲ್ಲಿ ಬರೆದಿದ್ದರು.

"ಹೆಂಗ ಪರಿಶೀಲಿಸಿದ್ರಂತ?" ಇಂಪನಾ ಕೇಳಿದಳು.

"ಯಾರೂ ಬರದಿಲ್ಲ," ಎಂದರು ವತ್ಸಲಾ.

ಕಾಗದಗಳನ್ನು ಹಿಂದಿರುಗಿಸುವಾಗ ಇಂಪನಾಳಿಗೆ ಒಂದು ವಿಷಯ ತಿಳಿಯಿತು. ಓದುವಾಗ ಅವಳಿಗೂ ಅದೇ ಅನ್ನಿಸುತ್ತಿತ್ತು. ಪಾಪ, ಇವರಿಗೆಲ್ಲ ಆ ವರ್ಷ ಬೇಕಿತ್ತು. ನನಗೇಕೆ? ದೋಷವನ್ನು ಕಂಡುಹಿಡಿದವಳೇ ನಾನು. ನನಗೆ ಕೇಳಿ ತಿಳಿಯುವುದು ಗೊತ್ತು. ಮಗುವನ್ನು ಏಳು ಗಂಟೆಗೆ ಎಬ್ಬಿಸಿ, ದೂರದ ಶಿಶುವಿಹಾರಕ್ಕೆ ಬಿಟ್ಟು, ಸಂಜೆಯವರೆಗೆ ಅದರ ಮುಖ ನೋಡದೆ ಒಂದು ವರ್ಷ ಕಳೆಯುವ ಅಗತ್ಯ ನಿಜವಾಗಿಯೂ ಇದೆಯೇ? ಒಳಗಿನ ಉತ್ತರ ಬಹಳ ಸ್ಪಷ್ಟವಾಗಿತ್ತು, ಬಹಳ ಹಿತವಾಗಿತ್ತು. ಅದು ಯಾರದೆಂದು ಅವಳಿಗೆ ಹೇಳಲಾಗಲಿಲ್ಲ.

ಅವಳು ಕೆಲಸದ ವರ್ಷದ ಅರ್ಜಿಯನ್ನು ಎಳೆದುಕೊಂಡಳು. ಹೆಸರು ಬರೆದಳು, ವಿಳಾಸ ಬರೆದಳು. ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು: ಈ ವರ್ಷ ನಿಮಗೆ ಏಕೆ ಬೇಕು?

ಇಂಪನಾ ಬರೆದಳು: "ಬೇಡ ಅನ್ನಿಸುತ್ತಿದೆ. ಅದಕ್ಕೇ."