ನಾನು ಮಾತಾಡ್ತೀನಿ, ನೀನು ಸುಮ್ನಿರು

"ಇಲ್ಲಿ ನೀನು ಮಾತಾಡೋಕೆ ಹೋಗ್ಬೇಡ. ಏನೇ ಇದ್ರೂ ನಾನು ಮಾತಾಡ್ತೀನಿ, ನೀನು ಸುಮ್ನಿರು."

ಏಳು ತಿಂಗಳ ನಂತರ ಎದುರಿಗೆ ನಿಂತ ಗಂಡನ ಬಾಯಿಂದ ಅವಳು ಕೇಳಿದ ಮೊದಲ ಮಾತು ಇದು.

ಮದುವೆಯಾದ ಒಂಬತ್ತನೇ ದಿನಕ್ಕೆ ಅವನು ವಿಮಾನ ಹತ್ತಿದ್ದ. ಆಮೇಲೆ ಫೋನಿನಲ್ಲೇ ಸಂಸಾರ. ಇವತ್ತು ಅವನಿದ್ದ ದೇಶಕ್ಕೆ ತಾನೇ ಬಂದಿಳಿದು, ವಿಮಾನ ನಿಲ್ದಾಣದ ಗಾಜಿನ ಬಾಗಿಲಾಚೆ ಅವನನ್ನು ಕಂಡಾಗ ಅವಳ ಎದೆ ಡವಡವ ಹೊಡೆದುಕೊಂಡಿತ್ತು. ಕೈ ಹಿಡಿಯುತ್ತಾನೆ, 'ದಣಿದ್ಯಾ?' ಎಂದು ಕೇಳುತ್ತಾನೆ ಅಂದುಕೊಂಡಿದ್ದಳು... ಅವನು ಅವಳ ಪಾಸ್‌ಪೋರ್ಟ್ ಇಸಿದುಕೊಂಡು ತನ್ನ ಚೀಲಕ್ಕೆ ಸೇರಿಸಿ, ಸುತ್ತಮುತ್ತ ಕಳ್ಳನ ಹಾಗೆ ನೋಡಿ, ಈ ಮಾತು ಹೇಳಿದ.

ಹೇಳಿದ್ದು ಯಾರಿಗೆ? ಸೀರೆ ಅಂಗಡಿಯ ಕೌಂಟರಿನಲ್ಲಿ ಆರು ವರ್ಷ ನಿಂತವಳಿಗೆ. ಸುಮ್ಮನೆ ನೋಡಿ ಹೋಗೋಣ ಎಂದು ಬಂದವರ ಕೈಗೂ ಎರಡು ಸೀರೆ ಹಿಡಿಸಿ ಕಳಿಸುತ್ತಿದ್ದವಳಿಗೆ. ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದೇ 'ಮೈಕು' ಎಂದು.

ಆ ಮೈಕಿನ ವೈರು ಅಂದೇ ಕಿತ್ತುಹೋಯಿತು.

ಮನೆ ಆರನೇ ಮಹಡಿಯಲ್ಲಿ. ಒಂದು ಕೋಣೆ, ಅದಕ್ಕಂಟಿಕೊಂಡ ಒಂದು ಗೇಣಿನ ಅಡುಗೆಮನೆ. ಬಾಗಿಲು ಎಳೆದುಕೊಂಡರೆ ತಾನಾಗಿ ಬೀಗ ಬೀಳುತ್ತಿತ್ತು; ಹೊರಗೆ ಹೋದರೆ ಮತ್ತೆ ಒಳಬರಲು ಕೀಲಿ ಬೇಕು. ಕೀಲಿ ಒಂದೇ ಇತ್ತು, ಅದು ಅವನ ಜೇಬಿನಲ್ಲಿ. ಇನ್ನೊಂದು ಮಾಡಿಸಿ ಎಂದು ಅವಳು ಕೇಳಿದಾಗಲೆಲ್ಲ 'ನೋಡೋಣ' ಎನ್ನುತ್ತಿದ್ದ. ಬೆಳಿಗ್ಗೆ ಏಳಕ್ಕೆ ದೊಡ್ಡ ಹೋಟೆಲೊಂದರ ನೆಲಮಾಳಿಗೆಗೆ, ಹಾಸಿಗೆ ಬಟ್ಟೆ ಒಗೆಯುವ ಯಂತ್ರಗಳ ನಡುವೆ ದುಡಿಯಲು ಹೊರಟರೆ ಅವನು ಮರಳುವುದು ಸಂಜೆಗೇ.

ಅಲ್ಲಿಯತನಕ ಅವಳು, ಕಿಟಕಿ, ಮತ್ತು ಅರ್ಥವಾಗದ ಟಿವಿ. ಕೆಳಗೆ ರಸ್ತೆಯಲ್ಲಿ ಜನ ಮಾತಾಡುತ್ತ ಹೋಗುವುದನ್ನು ನೋಡುತ್ತ ನಿಲ್ಲುತ್ತಿದ್ದಳು. 'ಪಂಜರದ ಗಿಳಿಗಾದರೂ ಮಾತು ಕಲಿಸ್ತಾರೆ... ನನಗೆ ಅದೂ ಇಲ್ಲ.'

ಭಾನುವಾರ ಮಾತ್ರ ಊರು ತೋರಿಸಲು ತಪ್ಪದೆ ಕರೆದೊಯ್ಯುತ್ತಿದ್ದ. ಗಡಿಯಾರದ ಗೋಪುರ, ನದಿ, ಗುಡ್ಡದ ಮೇಲಿನ ಕೆಂಪು ಕಲ್ಲಿನ ಕಟ್ಟಡ. ಅದು ಹಳೇ ರಾಣಿಯ ಅರಮನೆ, ಅವಳಿಗೆ ಹದಿನಾಲ್ಕು ಮಕ್ಕಳಿದ್ದರು ಎಂದೆಲ್ಲ ವಿವರವಾಗಿ ಹೇಳುತ್ತಿದ್ದ. ಆದರೆ ಟಿಕೆಟ್ ಕೌಂಟರಿನ ಹತ್ತಿರ ಹೋದೊಡನೆ ಅವನ ಬಾಯಿಗೆ ಬೀಗ. ಸಾಮಾನು ತರಲು ತಾವೇ ಎತ್ತಿಕೊಂಡು ಯಂತ್ರಕ್ಕೆ ತೋರಿಸಿ ಹಣ ಕೊಡುವ ದೊಡ್ಡ ಅಂಗಡಿಗಷ್ಟೇ ಹೋಗುತ್ತಿದ್ದ. ಸಂತೆಬೀದಿಗೆ ಹೋಗೋಣವೆಂದರೆ, ಅಲ್ಲಿ ತುಂಬ ಗಲಾಟೆ ಎನ್ನುತ್ತಿದ್ದ. ಯಾರಾದರೂ ಅವಳನ್ನು ನೋಡಿ ನಕ್ಕು ಏನಾದರೂ ಕೇಳಿದರೆ ಸಾಕು, ಅವಳ ಮೊಣಕೈ ಹಿಡಿದು ಸರಸರ ಮುಂದೆ ನಡೆಸುತ್ತಿದ್ದ.

ನೀರು ಕುಡಿದಷ್ಟು ಸಲೀಸಾಗಿ ಇಲ್ಲಿನ ಭಾಷೆ ಆಡುತ್ತಾನೆ ಎಂದು ಮದುವೆಗೆ ಮುಂಚೆ ಅವನ ಸೋದರಮಾವ ಹೊಗಳಿದ್ದರು. ಹಾಗಿದ್ದ ಮೇಲೆ ಕಾರಣ ಒಂದೇ.

'ನನ್ನ ಕಂಡರೆ ಇವರಿಗೆ ನಾಚಿಕೆ. ಹೀಗೊಬ್ಬಳು ನನ್ನ ಹೆಂಡತಿ ಅಂತ ಹೇಳ್ಕೊಳ್ಳೋಕೆ ನಾಚಿಕೆ...'

ಆ ಯೋಚನೆ ಬಂದ ದಿನ ಅವಳು ಊಟ ಮಾಡಲಿಲ್ಲ. ಏಕೆಂದು ಅವನು ಎರಡು ಸಲ ಕೇಳಿದ. ಮಾತಾಡಬೇಡ ಅಂದವರು ನೀವೇ ಅಲ್ಲವೇ ಎಂದಳು.

ಎದುರು ಮನೆಯ ಅಜ್ಜಿ ಪರಿಚಯವಾದದ್ದು ಮೂರನೇ ತಿಂಗಳಲ್ಲಿ. ಒಂದು ಬೆಳಿಗ್ಗೆ ಬಾಗಿಲಿಗೆ ಚಪ್ಪಲಿ ಅಡ್ಡ ಇಟ್ಟು ಇವಳು ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಅಜ್ಜಿ ಬಂದು ಪಕ್ಕದಲ್ಲೇ ಕೂತರು. ಬಾಗಿಲು ತೋರಿಸಿ ಒಂದು ಪದ ಹೇಳಿದರು. ಇವಳು ಹಾಗೇ ಹೇಳಿದಳು. ಚಪ್ಪಲಿಗೊಂದು ಪದ, ಮೂಗಿಗೊಂದು ಪದ. ತಿಂಗಳೊಳಗೆ ಅರವತ್ತು ಪದಗಳಾದವು.

ಒಮ್ಮೆ ಅಜ್ಜಿಯನ್ನು ಬಾಗಿಲಿಗೆ ಕಾವಲು ಕೂರಿಸಿ ಸಂತೆಬೀದಿಗೆ ಓಡಿದಳು. ಅಲ್ಲಿನ ಭಾಷೆಯಲ್ಲಿ ದಾರಕ್ಕೂ ಕೂದಲಿಗೂ ಒಂದೇ ಅಕ್ಷರದ ವ್ಯತ್ಯಾಸ. ಇವಳು ಹೋಗಿ ಹೊಲಿಗೆ ಸಾಮಾನಿನ ಅಂಗಡಿಯವನ ಹತ್ತಿರ ಒಂದು ಸೂಜಿ, ಎರಡು ಕಪ್ಪು ಕೂದಲು ಕೊಡಿ ಎಂದಳು. ಆತ ತನ್ನ ಬೋಳು ತಲೆ ತೋರಿಸಿ, ದಾಸ್ತಾನು ಮುಗಿದಿದೆ ಎಂಬಂತೆ ಕೈ ಆಡಿಸಿದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಈ ದೇಶಕ್ಕೆ ಬಂದು ಅವಳು ಬಾಯಿ ತುಂಬ ನಕ್ಕಿದ್ದು ಅಂದೇ.

ಮನೆಗೆ ಮರಳಿ, ಅದೇ ಸಂತೋಷದಲ್ಲಿ ಕೆಂಪು ಕಟ್ಟಡದ ಮುಂದೆ ನಿಂತ ತನ್ನ ಫೋಟೊ ಅಜ್ಜಿಗೆ ತೋರಿಸಿ 'ರಾಣಿ, ಮನೆ' ಎಂದಳು. ಅಜ್ಜಿ ಕಣ್ಣರಳಿಸಿದರು. ಆಮೇಲೆ ತಮ್ಮ ಎರಡೂ ಮಣಿಕಟ್ಟು ಜೋಡಿಸಿ, ಕೋಳ ಹಾಕಿದಂತೆ ಮುಂದೆ ಚಾಚಿದರು.

ಜೈಲು!

ರಾಣಿಯೂ ಇಲ್ಲ, ಅವಳ ಹದಿನಾಲ್ಕು ಮಕ್ಕಳೂ ಇಲ್ಲ. ಗಂಡ ತನ್ನನ್ನು ಎಷ್ಟು ಪೆದ್ದಿ ಅಂದುಕೊಂಡಿದ್ದಾನೆ ಎಂದು ಅವಳ ಮೈ ಉರಿಯಿತು. ಬರುವ ಭಾನುವಾರ ಎಲ್ಲ ಕೇಳಿ, ಊರಿಗೆ ಹೊರಟುಬಿಡುತ್ತೇನೆ ಎಂದು ಹೇಳುವುದೆಂದು ತೀರ್ಮಾನಿಸಿದಳು.

ಆ ಭಾನುವಾರ ಹೋದದ್ದು ಇಡೀ ಊರು ಕಾಣುವ ಎತ್ತರದ ಗೋಪುರಕ್ಕೆ. ಲಿಫ್ಟಿನಲ್ಲಿ ಇವರಿಬ್ಬರೇ ಇದ್ದರು. ಅರ್ಧ ದಾರಿಯಲ್ಲಿ ಅದು ಒಮ್ಮೆ ಕುಲುಕಿ ನಿಂತಿತು. ಫ್ಯಾನು ನಿಂತಿತು, ಮಂದ ದೀಪವೊಂದು ಉಳಿಯಿತು. ಅವಳು ಗಂಟೆಯ ಚಿತ್ರವಿದ್ದ ಗುಂಡಿ ಒತ್ತಿದಳು. ಗೋಡೆಯ ಸ್ಪೀಕರಿನಿಂದ ಹೆಂಗಸಿನ ದನಿಯೊಂದು ಏನೋ ಕೇಳಿತು.

ಅವನು ಬಾಯಿ ತೆರೆದ. ಮಾತು ಹೊರಡಲಿಲ್ಲ. ದನಿ ಮತ್ತೆ ಕೇಳಿತು. ಅವನ ಹಣೆಯಲ್ಲಿ ಬೆವರು ಮೂಡಿತು.

"ಮಾತಾಡ್ರೀ. ಏನೇ ಇದ್ರೂ ನೀವೇ ತಾನೇ ಮಾತಾಡೋದು?"

"ನಂಗೆ ಬರಲ್ಲ."

"ಏನು ಬರಲ್ಲ?"

"ಈ ಭಾಷೆ." ಅವನು ಗೋಡೆಗೊರಗಿ ಕುಸಿದು ಕೂತ.

 ಅವಳು ಸ್ಪೀಕರಿಗೆ ಮುಖ ಒಡ್ಡಿ, ತನ್ನ ಅರವತ್ತು ಪದಗಳಲ್ಲಿ ಕೈಗೆ ಸಿಕ್ಕಿದ್ದನ್ನು ಜೋಡಿಸಿದಳು. ನಾವು ಎರಡು. ಬಾಗಿಲು ಮಲಗಿದೆ. ಬೇಗ, ದಯವಿಟ್ಟು. ಆ ಕಡೆಯ ದನಿ ಮೆಲ್ಲಗೆ ನಕ್ಕು, ಮಗುವಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿತು. 'ಅರ್ಧ ಗಂಟೆ' ಎಂಬುದು ಅವಳಿಗೆ ಅರ್ಥವಾಯಿತು.

ಆ ಅರ್ಧ ಗಂಟೆಯಲ್ಲಿ ಅವನು ಎಲ್ಲ ಹೇಳಿದ. ಬಂದ ಹೊಸದರಲ್ಲಿ ಔಷಧಿ ಅಂಗಡಿಯಲ್ಲಿ ಏನೋ ತಪ್ಪು ಪದ ಆಡಿದ್ದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಂದಿನಿಂದ ಬಾಯಿ ಮುಚ್ಚಿದವನು ಐದು ವರ್ಷ ತೆರೆಯಲಿಲ್ಲ. ಯಂತ್ರಗಳ ಸದ್ದಿನಲ್ಲಿ ಮಾತಿನ ಅಗತ್ಯವೂ ಬೀಳಲಿಲ್ಲ. ಸೋದರಮಾವ ಹೆಣ್ಣಿನ ಮನೆಯವರ ಮುಂದೆ ಹೊಗಳಿದಾಗ ಅಲ್ಲಗಳೆಯಲು ಧೈರ್ಯ ಬರಲಿಲ್ಲ. ಕೀಲಿ ಮಾಡಿಸಲೆಂದು ಎರಡು ಸಲ ಅಂಗಡಿಯ ಬಾಗಿಲತನಕ ಹೋಗಿ ಹಿಂದೆ ಬಂದಿದ್ದ. ಹದಿನಾಲ್ಕು ಮಕ್ಕಳ ರಾಣಿಯೂ, ಯಾರನ್ನೂ ಕೇಳಲಾಗದೆ ಅವನೇ ಕಟ್ಟಿದ ಕಥೆ.

"ನಾಲ್ಕು ತಿಂಗಳು ಆ ಕೋಣೇಲಿ ನಾನು ಉಸಿರು ಕಟ್ಕೊಂಡು ಬಿದ್ದಿದ್ದೆ." ಅವಳು ಅವನತ್ತ ತಿರುಗಿದಳು. "ನಿಮ್ಮ ಮರ್ಯಾದೆ ಉಳೀಲಿ ಅಂತಾನಾ?"

"ತಪ್ಪಾಯ್ತು. ನಾನಿದ್ದ ಕೋಣೆಗೇ ನಿನ್ನನ್ನೂ ತಂದು ಹಾಕ್ದೆ."

ಅವನು ಚೀಲದಿಂದ ಅವಳ ಪಾಸ್‌ಪೋರ್ಟ್ ತೆಗೆದು ಅವಳ ಕೈಯಲ್ಲಿಟ್ಟ. ಹೋಗುತ್ತೇನೆ ಅಂದರೆ ತಡೆಯುವುದಿಲ್ಲ, ಟಿಕೆಟ್ ತಾನೇ ಮಾಡಿಸುತ್ತೇನೆ ಎಂದ. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡಳು.

"ಒಂದು ಮಾತು ಹೇಳ್ಲಾ?" ಅವನು ನೆಲ ನೋಡುತ್ತ ಕೇಳಿದ. "ಆ ಏಳು ತಿಂಗಳು ನಿನ್ನ ಫೋನ್ ಬಂದಾಗ ಮಾತ್ರ ನಾನು ಬಾಯಿ ಬಿಡ್ತಿದ್ದೆ. ದಿನಕ್ಕೆ ಇಪ್ಪತ್ತು ನಿಮಿಷ. ಅಷ್ಟು ಹೊತ್ತು ಮಾತ್ರ ನಾನೂ ಮನುಷ್ಯ ಅನ್ನಿಸ್ತಿತ್ತು... ನಂಗೆ ಇಲ್ಲಿನ ಭಾಷೆ ಬರತ್ತೆ ಅಂತಾನೇ ನೀನು ಒಪ್ಪಿದ್ದು ಅಂದ್ಕೊಂಡಿದ್ದೆ. ನಿಜ ಗೊತ್ತಾದ್ರೆ ನೀನೂ ಹೋಗ್ಬಿಡ್ತೀಯ ಅಂತ ಭಯ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಹೆಣ್ಣು ನೋಡೋಕೆ ಬಂದ ದಿನ ನೀವು ಮೂರೇ ಮಾತಾಡಿದ್ರಿ. ಅದಕ್ಕೇ ಒಪ್ಪಿದ್ದು. ದಿನವಿಡೀ ಅಂಗಡೀಲಿ ಮಾತಾಡಿ ಮಾತಾಡಿ ಬಂದವಳಿಗೆ, ಕೂತು ಕೇಳೋ ಗಂಡ ಸಿಕ್ಕಿದ ಅಂತ."

ಅವನು ತಲೆ ಎತ್ತಿದ. ಅವಳು ಸೆರಗಿನಿಂದ ಅವನ ಹಣೆ ಒರೆಸಿದಳು.

ಬಾಗಿಲು ತೆರೆದಾಗ ಇಬ್ಬರೂ ಮೆಟ್ಟಿಲಿಳಿದೇ ಕೆಳಗೆ ಬಂದರು. ಗೋಪುರದೆದುರು ಚೌಕದಲ್ಲಿ ಉದ್ದ ಗಡ್ಡದ ಕಲ್ಲಿನ ಪ್ರತಿಮೆಯೊಂದು ನಿಂತಿತ್ತು.

"ಇವನ್ಯಾರು?" ಎಂದಳು.

ಅವನು ಅಭ್ಯಾಸದಂತೆ ಬಾಯಿ ತೆರೆದವನು, ತಡೆದುಕೊಂಡ. "ಗೊತ್ತಿಲ್ಲ."

"ಅಲ್ಲಿ ಪೇಪರ್ ಮಾರೋರನ್ನ ಕೇಳೋಣ ಬನ್ನಿ."

"ನಂಗೆ ನಾಚಿಕೆ ಆಗತ್ತೆ ಕಣೇ."

ಅವಳು ಅವನ ಕೈ ಹಿಡಿದುಕೊಂಡಳು.

"ನಂಗೂ ಆಗತ್ತೆ. ಒಬ್ಬೊಬ್ಬರೇ ಯಾಕೆ, ಇಬ್ಬರೂ ಒಟ್ಟಿಗೇ ನಾಚಿಕೆಪಟ್ಕೊಳ್ಳೋಣ."