ಅರಿಶಿನ ಮೆತ್ತಿದ ಇಲಿ

"ಅಲುಗಾಡಿಸಬ್ಯಾಡ ನಮ್ಮವ್ವ, ಗಟ್ಟಿ ಹಿಡ್ಕ," ಎಂದಳು ಓಬಜ್ಜಿ.

ಹಂಪಿ ಬೋನನ್ನು ಎರಡೂ ಕೈಯಲ್ಲಿ ಹಿಡಿದು ಮುಖ ಆಚೆ ತಿರುಗಿಸಿಕೊಂಡಳು. ತಂತಿಯ ಬೋನಿನೊಳಗೆ ಇಲಿ ಆ ಮೂಲೆಯಿಂದ ಈ ಮೂಲೆಗೆ ಓಡುತ್ತಿತ್ತು. ಅಜ್ಜಿಯ ಕೈಯಲ್ಲಿ ಅರಿಶಿನ ಕಲಸಿದ ಬಟ್ಟಲಿತ್ತು. ಇಲಿಯ ಹಣೆಗೆ ಒಂದು ಬೊಟ್ಟು ಇಡಬೇಕೆಂಬುದು ಅವಳ ಆಸೆ. ಆದರೆ ಇಲಿ ಒಂದು ಗಳಿಗೆಯಾದರೂ ನಿಲ್ಲಬೇಕಲ್ಲ? ಕೊನೆಗೆ ಅಜ್ಜಿ ದಿನದಂತೆ ಬೇಸತ್ತು ಬಟ್ಟಲನ್ನೇ ಅದರ ಮೇಲೆ ಬಗ್ಗಿಸಿದಳು. ಬೂದು ಇಲಿ ಹಳದಿ ಇಲಿಯಾಗಿ ಕುಳಿತು ಮೀಸೆ ಒರೆಸಿಕೊಂಡಿತು.

ಗಣಪ್ಪನ ವಾಹನವನ್ನು ಬರಿ ಹಣೆಯಲ್ಲಿ ಮನೆಯಿಂದ ಕಳಿಸಬಾರದು ಎಂದು ಅಜ್ಜಿಯ ಕಟ್ಟಪ್ಪಣೆ. ಕೊಲ್ಲುವುದಂತೂ ದೂರದ ಮಾತು. ದನ ನೀರು ಕುಡಿಯುವ ಬಾನಿಯಲ್ಲಿ ಮುಳುಗಿಸಿಬಿಡುತ್ತೇನೆಂದು ಹಂಪಿಯ ಅಪ್ಪ ಹಾಲೇಶಪ್ಪ ಒಮ್ಮೆ ಅಂದಿದ್ದಕ್ಕೆ, ಅಜ್ಜಿ ಎರಡು ಹೊತ್ತು ಊಟ ಬಿಟ್ಟು ಕೂತಿದ್ದಳು. ಅಪ್ಪ ಮತ್ತೆ ಆ ಮಾತು ಎತ್ತಲಿಲ್ಲ.

ಹರಿಹರದ ಆಚೆಯ ಆ ಹೊಲಗಳಿಗೆ ನಾಲೆಯ ನೀರು ಬಂದು ಎರಡು ವರ್ಷವಾಗಿತ್ತು. ನೀರು ಬಂದದ್ದು ಎಲ್ಲರಿಗೂ ಖುಷಿಯೇ. ಇಲಿಗಳಿಗೆ ಮಾತ್ರ ಬಿಲ ನೆನೆದು ಹೋಯಿತು. ಅವು ಹೊಲ ಬಿಟ್ಟು ಕಣಕ್ಕೆ, ಕಣ ಬಿಟ್ಟು ದನದ ಕೊಟ್ಟಿಗೆಗೆ, ಅಲ್ಲಿಂದ ಶೇಂಗಾ ಚೀಲಕ್ಕೆ ಬಂದವು. ಹಂಪಿಯ ಮಗ್ಗಿ ಪುಸ್ತಕದಲ್ಲಿ ಹದಿಮೂರರಿಂದ ಹದಿನಾರರವರೆಗೆ ತಿಂದುಹಾಕಿದ್ದವು. ಅದಕ್ಕೆ ಹಂಪಿ ಅಷ್ಟೇನೂ ಅತ್ತಿರಲಿಲ್ಲ. ಅಪ್ಪ ದಾವಣಗೆರೆಯ ಮಂಡಿಪೇಟೆಗೆ ಹೋದಾಗ ಈ ಬೋನು ತಂದಿದ್ದ. ಸಿಕ್ಕ ಇಲಿಯನ್ನು ಸ್ಕೂಲಿಗೆ ಹೋಗುವಾಗ ಹಳ್ಳದಾಚೆಯ ಜಾಲಿ ತೋಪಿನಲ್ಲಿ ಬಿಟ್ಟು ಬರುವುದು ಹಂಪಿಯ ಕೆಲಸ.

ಮೊದಲ ಎರಡು ದಿನ ಅವಳು ತೋಪಿನ ತನಕ ಹೋಗಿದ್ದಳು. ಬೋನಿನ ಭಾರಕ್ಕೆ ಬೆರಳು ಕೆಂಪಾಗಿದ್ದವು. ಮೂರನೇ ದಿನ ದಾರಿ ಕವಲೊಡೆಯುವಲ್ಲಿ ನಿಂತಳು. ಎಡಕ್ಕೆ ಹೋದರೆ ಸ್ಕೂಲು, ಬಲಕ್ಕೆ ಹೋದರೆ ಹಳ್ಳ. ನಡುವೆ ಕಳ್ಳಿ ಬೇಲಿ. ಬೇಲಿಯೊಳಗೆ ಭರಮಣ್ಣನ ಕಣ, ಅದರ ಹಿಂದೆ ಅವನ ಮನೆ. ಭರಮಣ್ಣ ಅಂದರೆ ಹಂಪಿಯ ಗೆಳತಿ ದುರ್ಗಿಯ ಅಪ್ಪ. ಕಳ್ಳಿ ಗಿಡ ಯಾರದೂ ಅಲ್ಲ ಎಂದು ಹಂಪಿ ತನಗೆ ತಾನೇ ಹೇಳಿಕೊಂಡು ಬೋನಿನ ಬಾಗಿಲು ಎತ್ತಿದಳು. ಇಲಿ ಬೇಲಿಯೊಳಗೆ ನುಗ್ಗಿತು. ಬೋನನ್ನು ಪೊದೆಯಲ್ಲಿ ಮುಚ್ಚಿಟ್ಟು ಅವಳು ಸ್ಕೂಲಿಗೆ ಓಡಿದಳು. ಅಂದಿನಿಂದ ದಿನಾ ಅದೇ ಆಯಿತು. ಇವತ್ತಿನ ಹಳದಿ ಇಲಿಯೂ ಅಲ್ಲಿಗೇ ಹೋಯಿತು.

ಅವರ ಸ್ಕೂಲಿನಲ್ಲಿ ಬೆಲ್ ಅಂದರೆ ಬೇವಿನ ಮರಕ್ಕೆ ತೂಗುಹಾಕಿದ ರೈಲು ಕಂಬಿಯ ತುಂಡು. ಅದನ್ನು ಹೊಡೆಯುವ ಸರಳು ದುರ್ಗಿಯ ಬಳಿ ಇರುತ್ತಿತ್ತು. ಒಂದು ಸಲ ಸರಳು ಕಳುವಾಗಿದ್ದರಿಂದ, ದಿನಾ ಚೀಲದಲ್ಲಿ ಮನೆಗೆ ಒಯ್ದು ತರಬೇಕೆಂದು ಕಲ್ಲೇಶಪ್ಪ ಮೇಷ್ಟ್ರು ಅವಳಿಗೇ ಒಪ್ಪಿಸಿದ್ದರು. ಸುಳ್ಳು ಹೇಳದ ಹುಡುಗಿ, ಹೊತ್ತಿಗೆ ಸರಿಯಾಗಿ ಬರುವ ಹುಡುಗಿ ಎಂದು ಅವಳಿಗೆ ಆ ಮರ್ಯಾದೆ. ಹಂಪಿಗೆ ಆ ಸರಳಿನ ಮೇಲೆ ಒಂದನೇ ಕ್ಲಾಸಿನಿಂದಲೂ ಕಣ್ಣಿತ್ತು.

ಆದರೆ ಈಗ ನಾಲ್ಕು ದಿನದಿಂದ ಬೆಲ್ ತಡವಾಗುತ್ತಿತ್ತು. ಅವತ್ತೂ ದುರ್ಗಿ ಓಡುತ್ತಾ ಬಂದು, ಏದುಸಿರಿನಲ್ಲೇ ಬೆಲ್ ಹೊಡೆದಳು. ಮೇಷ್ಟ್ರು ಅವಳನ್ನು ಕ್ಲಾಸಿನ ಮುಂದೆ ನಿಲ್ಲಿಸಿ, ಏನು ಕತೆ ಎಂದು ಕೇಳಿದರು.

"ಹಳದಿ ಇಲಿ ಬಂದಾವೆ ಸಾರ್," ಎಂದಳು ದುರ್ಗಿ. "ಬಿತ್ತನೆ ಶೇಂಗಾ ತಿಂದಾವೆ. ಬೆಳಗ್ಗಿಂದ ಎಲ್ಲರೂ ಕುಂತು ಆರಿಸ್ತಾ ಇದ್ವಿ."

ಕ್ಲಾಸೆಲ್ಲ ಗೊಳ್ಳೆಂದಿತು. ನಾಳೆ ಹಸಿರು ಇಲಿ ಬರುತ್ತದೆ ಎಂದು ಹಿಂದಿನ ಸಾಲಿನ ಹುಡುಗನೊಬ್ಬ ಕುಹಕವಾಡಿದ. ಮೇಷ್ಟ್ರು ನಗಲಿಲ್ಲ. ಇಷ್ಟು ವರ್ಷದಲ್ಲಿ ತಾನು ಹಳದಿ ಇಲಿ ಕಂಡಿಲ್ಲ ಎಂದರು. ನಾನು ಕಂಡಿದ್ದೇನೆ ಎಂದು ದುರ್ಗಿ ಹಟ ಹಿಡಿದಳು.

"ಯಾರಾದ್ರೂ ಹಳದಿ ಇಲಿ ನೋಡೀರೇನು?" ಎಂದು ಮೇಷ್ಟ್ರು ಎಲ್ಲರನ್ನೂ ಕೇಳಿದರು.

ಹಂಪಿ ಸ್ಲೇಟಿನ ಕಡೆ ನೋಡಿದಳು. ಅವಳ ಎಡಗೈಯ ಹೆಬ್ಬೆರಳಿಗೆ ಅರಿಶಿನ ಅಂಟಿತ್ತು. ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಯಾರೂ ಕೈ ಎತ್ತಲಿಲ್ಲ.

ತಡವಾಗಿ ಬಂದಿದ್ದನ್ನು ಬೇಕಾದರೆ ಬಿಡುತ್ತೇನೆ, ಸುಳ್ಳನ್ನು ಬಿಡುವುದಿಲ್ಲ ಎಂದರು ಮೇಷ್ಟ್ರು. ನಿಜ ಹೇಳುವ ತನಕ ದುರ್ಗಿ ದಿನಾ ಬಾಗಿಲ ಬಳಿ ನಿಲ್ಲಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ಅವಳ ಚೀಲದಿಂದ ಸರಳು ತೆಗೆಸಿ, ಸುತ್ತ ಕಣ್ಣಾಡಿಸಿ, ಅದನ್ನು ಹಂಪಿಯ ಕೈಗೆ ಕೊಟ್ಟರು.

ಸಂಜೆಯ ಬೆಲ್ ಹೊಡೆದವಳು ಹಂಪಿ. ಎಷ್ಟು ದಿನದಿಂದ ಕಾದಿದ್ದಳು! ಆದರೆ ಸರಳು ಕೈಯಲ್ಲಿ ನಿಲ್ಲಲೇ ಇಲ್ಲ. ಮೂರು ಏಟು ಹೊಡೆಯುವಷ್ಟರಲ್ಲಿ ಮೊಣಕೈವರೆಗೆ ಜುಮ್ಮೆಂದಿತು. ಅವಳಿಗೆ ಒಂದಿಷ್ಟೂ ಖುಷಿಯಾಗಲಿಲ್ಲ.

ಮನೆಗೆ ಹೋಗುವಾಗ ದುರ್ಗಿ ಎಂದಿನಂತೆ ಅವಳ ಪಕ್ಕದಲ್ಲೇ ನಡೆದಳು. ಎರಡು ಚೀಲದ ಕಾಳು ಹಾಳಾಗಿದೆ, ಉಳಿದದ್ದು ಸಾಲದಿದ್ದರೆ ಕೆಳಗಿನ ಹೊಲ ಬಿತ್ತುವುದಿಲ್ಲವೆಂದು ಅಪ್ಪ ಹೇಳಿದ್ದಾನೆ ಎಂದಳು. ಕಳ್ಳಿ ಬೇಲಿ ಬಂದಾಗ ನಿಂತಳು.

"ಎಲ್ಲರೂ ನಕ್ಕರು. ನೀನಾದ್ರೂ ನಂಬ್ತೀಯಲ್ಲ?"

"ಹೂಂ," ಎಂದಳು ಹಂಪಿ.

ದುರ್ಗಿ ಒಳಗೆ ಹೋದ ಮೇಲೆ ಅವಳು ಪೊದೆಯಿಂದ ಬೋನು ತೆಗೆದುಕೊಂಡಳು. ಯಾರೋ ನೋಡುತ್ತಿದ್ದಾರೆ ಎಂದು ಅವತ್ತು ಮೊದಲ ಸಲ ಭಯವಾಯಿತು.

ಮರುದಿನ ಬೆಳಗ್ಗೆ ಬೋನಿನಲ್ಲಿ ಮತ್ತೆ ಇಲಿ. ಹಂಪಿ ಬೇಡ ಬೇಡ ಎನ್ನುವಷ್ಟರಲ್ಲಿ ಅಜ್ಜಿ ಬಟ್ಟಲು ಬಗ್ಗಿಸಿಯಾಗಿತ್ತು. ಅಜ್ಜಿ ಒಳಗೆ ಹೋಗುವುದನ್ನೇ ಕಾದು ಹಂಪಿ ಬೋನನ್ನು ಬಚ್ಚಲಿಗೆ ಒಯ್ದಳು. ನೀರು ಸುರಿದಳು, ಬಣ್ಣ ಹೋಗಲಿಲ್ಲ. ಬಟ್ಟೆ ಒಗೆಯುವ ಸೋಡಾ ಕಲಸಿ ಸುರಿದಳು. ನೋಡುನೋಡುತ್ತಿದ್ದಂತೆ ಇಲಿ ಕೆಂಪಾಯಿತು. ಅರಿಶಿನಕ್ಕೆ ಸುಣ್ಣ ಬಿದ್ದರೆ ಆರತಿಯ ಕೆಂಪು ನೀರಾಗುವುದು ಅವಳಿಗೆ ಗೊತ್ತಿತ್ತು. ಸೋಡಾ ಬಿದ್ದರೂ ಹಾಗೇ ಆಗುತ್ತದೆಂದು ಯಾರೂ ಹೇಳಿರಲಿಲ್ಲ.

ಕೆಂಪು ಇಲಿಯನ್ನು ಹಿಡಿದು ಅವಳು ಕವಲು ದಾರಿಗೆ ಬಂದಳು. ಬೇಲಿಗೆ ಬಿಟ್ಟರೆ ದುರ್ಗಿ ಇದನ್ನೂ ನೋಡುತ್ತಾಳೆ, ನೋಡಿದ್ದನ್ನು ನೋಡಿದ ಹಾಗೆ ಹೇಳುತ್ತಾಳೆ. ಆಮೇಲೆ ಅವಳ ಗತಿ? ಜಾಲಿ ತೋಪಿಗೆ ಹೋಗಬಹುದು. ಇನ್ನೂ ಹೊತ್ತಿತ್ತು. ಇಲಿಯನ್ನು ಅಲ್ಲಿ ಬಿಟ್ಟುಬಿಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. ಆದರೆ ದುರ್ಗಿ ಬಾಗಿಲ ಬಳಿ ನಿಂತೇ ಇರುತ್ತಾಳೆ. ನಾಳೆಯೂ, ನಾಡಿದ್ದೂ.

ಹಂಪಿ ಬೋನನ್ನು ಎತ್ತಿಕೊಂಡು ಎಡಕ್ಕೆ ತಿರುಗಿದಳು.

ಬೆಲ್ ಹೊಡೆದಾಯಿತು. ಎಲ್ಲರೂ ಕೂತರು, ದುರ್ಗಿ ಬಾಗಿಲ ಬಳಿ ನಿಂತಳು. ಹಂಪಿ ಬೋನನ್ನು ತಂದು ಮೇಜಿನ ಮೇಲೆ ಇಟ್ಟಾಗ ಮೇಷ್ಟ್ರು ಕುರ್ಚಿ ಹಿಂದಕ್ಕೆ ಸರಿಸಿದರು.

"ಇದು ನಮ್ಮನೆ ಇಲಿ ಸಾರ್. ಸೋಡಾ ಹಾಕಿ ತೊಳೆದೆ, ಕೆಂಪಾತು. ಮೊದಲು ಹಳದಿ ಇತ್ತು. ನಮ್ಮಜ್ಜಿ ಅರಿಶಿನ ಹಾಕ್ತಾಳೆ. ತೋಪಿಗೆ ಬಿಡು ಅಂದಿದ್ರು, ನಾನು ದುರ್ಗಿ ಮನೆ ಬೇಲಿಗೆ ಬಿಡ್ತಿದ್ದೆ."

ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಷ್ಟ್ರ ಮೀಸೆಯೂ ಕದಲಿತು. ದುರ್ಗಿ ಮಾತ್ರ ನಗಲಿಲ್ಲ.

"ಎಷ್ಟು ಬಿಟ್ಟೆ?" ಎಂದಳು ಬಾಗಿಲಿನಿಂದಲೇ.

"ಹನ್ನೊಂದು."

ಮೇಷ್ಟ್ರು ದುರ್ಗಿಯನ್ನು ಒಳಗೆ ಕರೆದು, ವಿಚಾರಿಸದೆ ಶಿಕ್ಷೆ ಕೊಟ್ಟದ್ದು ತನ್ನ ತಪ್ಪು ಎಂದು ಎಲ್ಲರೆದುರು ಹೇಳಿ, ಸರಳು ವಾಪಸು ಕೊಡಿಸಿದರು. ಅವಳು ಅದನ್ನು ಚೀಲಕ್ಕೆ ಹಾಕಿಕೊಂಡು ಬೇರೆ ಸಾಲಿನಲ್ಲಿ ಹೋಗಿ ಕೂತಳು. ಇಲಿ ಇಡೀ ದಿನ ಮೂಲೆಯಲ್ಲಿ ಕೂತು ಪಾಠ ಕೇಳಿತು. ಸಂಜೆ ಹಂಪಿ ಅದನ್ನು ಒಬ್ಬಳೇ ಹೊತ್ತುಕೊಂಡು ಹೋಗಿ ತೋಪಿನಲ್ಲಿ ಬಿಟ್ಟಳು.

ಮನೆಯಲ್ಲಿ ಹೇಳುವುದು ಕ್ಲಾಸಿನಲ್ಲಿ ಹೇಳಿದ್ದಕ್ಕಿಂತ ಕಷ್ಟವಾಯಿತು. ಅಪ್ಪ ಬೈದ. ಅಜ್ಜಿ ಬೈಯಲಿಲ್ಲ, ಅರಿಶಿನದ ಬಟ್ಟಲನ್ನೇ ನೋಡುತ್ತಾ ಕೂತಳು. ಆಮೇಲೆ ಎದ್ದು, ತಮ್ಮ ಬಿತ್ತನೆ ಶೇಂಗಾದಲ್ಲಿ ಎರಡು ಚೀಲ ಬಂಡಿಗೆ ಹಾಕೆಂದು ಮಗನಿಗೆ ಹೇಳಿದಳು. ಭರಮಣ್ಣ ಮೊದಲು ಒಲ್ಲೆ ಎಂದು ಆಮೇಲೆ ಇಳಿಸಿಕೊಂಡನಂತೆ. ಭಾನುವಾರ ಎರಡೂ ಮನೆಯವರು ಸೇರಿ ಎರಡೂ ಕಣದ ಬಿಲಗಳಿಗೆ ಗಾಜಿನ ಚೂರು, ಸುಣ್ಣ ತುಂಬಿ ಮೆತ್ತಿದರು. ಚೀಲಗಳನ್ನು ನೆಲದಿಂದ ಎತ್ತಿ ಅಟ್ಟದ ಮೇಲಿಟ್ಟು, ಅಟ್ಟದ ಕಂಬಗಳಿಗೆ ಸೀಮೆಎಣ್ಣೆ ಡಬ್ಬದ ತಗಡು ಸುತ್ತಿದರು. ಹಂಪಿ ದುರ್ಗಿಯ ಎದುರು ಕೂತು ದಿನವಿಡೀ ಕಾಳು ಆರಿಸಿದಳು. ದುರ್ಗಿ ತನ್ನ ಮೊರವನ್ನು ಅತ್ತ ಸರಿಸಿಕೊಂಡಳು.

ಸೋಮವಾರ ಬೋನಿಗೆ ಒಂದೇ ಒಂದು ಇಲಿ ಬಿತ್ತು, ಚಿಕ್ಕದು. ಅಜ್ಜಿ ಬಟ್ಟಲು ತಂದವಳು ಹಂಪಿಯ ಮುಖ ನೋಡಿ, ಬೋನಿನ ತಂತಿಗೆ ಒಂದು ಬೊಟ್ಟು ಇಟ್ಟು ಒಳಗೆ ಹೋದಳು.

ಕವಲಿನಲ್ಲಿ, ಬೇಲಿಯ ಪಕ್ಕ, ದುರ್ಗಿ ಚೀಲ ಹಾಕಿಕೊಂಡು ನಿಂತಿದ್ದಳು. ಹಂಪಿ ನಿಲ್ಲದೆ ಬಲಕ್ಕೆ ತಿರುಗಿದಳು. ಸ್ವಲ್ಪ ದೂರ ಹೋಗಿ ಕೈ ಬದಲಿಸಿದಳು. ಇನ್ನೂ ಸ್ವಲ್ಪ ದೂರ ಹೋಗಿ ಮತ್ತೆ ಬದಲಿಸಿದಳು. ಹಿಂದೆ ಹೆಜ್ಜೆಯ ಸದ್ದಾಯಿತು. ದುರ್ಗಿ ದಾರಿಯಲ್ಲಿ ಸಿಕ್ಕ ಕೋಲೊಂದನ್ನು ಬೋನಿನ ಹಿಡಿಯೊಳಗೆ ತೂರಿಸಿ ಇನ್ನೊಂದು ತುದಿ ಹಿಡಿದುಕೊಂಡಳು.

ತೋಪು ಬಂತು. ಹಂಪಿ ಕೂತು ಬೋನಿನ ಬಾಗಿಲಿಗೆ ಕೈ ಹಾಕಿದಳು. ಎತ್ತಲಿಲ್ಲ. ಎದ್ದು ನಿಂತು ಸುತ್ತ ನೋಡಿದಳು. ಜಾಲಿ ಮರಗಳ ಆಚೆ ತೆಳ್ಳಗೆ ಹೊಗೆ ಏಳುತ್ತಿತ್ತು. ಪಕ್ಕದಲ್ಲಿ ಸಣ್ಣದೊಂದು ಹುಲ್ಲಿನ ಬಣವೆ ಕಾಣಿಸಿತು. ಇಲ್ಲಿಗೆ ಮೂರು ಸಲ ಬಂದಿದ್ದಳು, ಒಮ್ಮೆಯೂ ನೋಡಿರಲಿಲ್ಲ.

"ಅದು ಯಾರ ಮನೆ?"

"ಯಾರದೋ ಐತೆ," ಎಂದಳು ದುರ್ಗಿ.

ಹಂಪಿ ಬಾಗಿಲಿನ ಕೊಂಡಿಯನ್ನು ಇನ್ನೊಮ್ಮೆ ಒತ್ತಿ ನೋಡಿದಳು. ಇನ್ನೊಂದಿಷ್ಟು ಮುಂದೆ, ಕಲ್ಲುಗುಡ್ಡದವರೆಗೆ ಹೋಗೋಣವೇ ಎಂದು ಕೇಳಿದಳು. ಆದರೆ ಸ್ಕೂಲಿಗೆ ಲೇಟಾಗುತ್ತದಲ್ಲ ಎಂದೂ ಅವಳೇ ಅಂದಳು.

ದುರ್ಗಿ ಚೀಲವನ್ನು ಒಮ್ಮೆ ಅಲುಗಾಡಿಸಿದಳು. ಒಳಗೆ ಸರಳು ಸ್ಲೇಟಿಗೆ ತಾಗಿ ಟಣ್ ಎಂದಿತು.

"ನಾನು ಹೋಗೋತನಕ ಬೆಲ್ ಹೊಡಿಯೋರು ಯಾರು? ನಡಿ," ಎಂದಳು.

ಇಬ್ಬರೂ ಕೋಲು ಎತ್ತಿಕೊಂಡರು.